ಮಹಡಿ ಮೇಲಿನ ಬಾಣ, ಕೆಳಗಿನ ಕೈ

ಕಂಪ್ಯೂಟರ್ ಕೆಲಸದವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತೆ ಅಂತ ನಮ್ಮ ನೆಂಟರಿಷ್ಟರು ಕೇಳುತ್ತಾರೆ. ಪರದೆ ನೋಡಿಕೊಂಡು ಕೂತವರಿಗೆ ಏನೂ ಆಗುವುದಿಲ್ಲ ಅಂತ ಅವರ ನಂಬಿಕೆ. ಆಗುತ್ತೆ ಸ್ವಾಮಿ, ದಿನಕ್ಕೊಂದು ಆಗುತ್ತೆ. ಆಗುವಾಗ ಅಳು ಬರುತ್ತೆ, ನಗು ಬರುವುದಕ್ಕೆ ಮಾತ್ರ ಹತ್ತು ವರ್ಷ ಬೇಕು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಯಾದವಗಿರಿಯ ಒಂದು ಹಳೇ ಬಂಗಲೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ಇದ್ದವರು ಇಬ್ಬರೇ, ನಾನು ಮತ್ತು ನಮ್ಮ ಸಾಹೇಬರು. ಒಳಮನೆಯಲ್ಲಿ ಸಾಹೇಬರ ತಾಯಿ. ಒಂದು ಕಂಪ್ಯೂಟರಿನ ಪರದೆಯನ್ನು ಇನ್ನೊಂದರಲ್ಲಿ ತೋರಿಸಿ, ಇಲ್ಲಿನ ಮೌಸಿನಿಂದ ಅಲ್ಲಿನ ಬಾಣವನ್ನು, ಅಂದರೆ ಕರ್ಸರನ್ನು, ಓಡಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಪರದೆ ತೋರಿಸುವುದು ಒಂದು ತಿಂಗಳಲ್ಲಿ ಆಯಿತು. ಬಾಣದ ಗೋಳು ವರ್ಷವಾದರೂ ಮುಗಿಯಲಿಲ್ಲ.

ಹಸಿರು ಗೇಟು

ಮೇಟಗಳ್ಳಿಯ ಕಾರ್ಖಾನೆಯೊಂದರ ಮ್ಯಾನೇಜರು ನಮ್ಮ ತಂತ್ರಾಂಶ ನೋಡಲು ಹೊರಟವರು ದಾರಿ ತಪ್ಪಿ, ಯಾವುದೋ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ಸಾಹೇಬರು ಉತ್ಸಾಹದಿಂದ, "ಏನಿಲ್ಲ ಸಾರ್, ಸೀದಾ ಬನ್ನಿ, ಎರಡನೇ ತಿರುವು ಬಲಕ್ಕೆ, ಆಮೇಲೆ ಮೊದಲನೇದು ಎಡಕ್ಕೆ, ಹಸಿರು ಗೇಟು" ಅಂದು ಫೋನಿಟ್ಟರು. ಈಗ ಎಲ್ಲಿ ನಿಂತಿದ್ದೀರಿ ಅಂತ ಕೇಳಲೇ ಇಲ್ಲ.

ಒಂದು ಗಂಟೆಯಾದ ಮೇಲೆ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಬಂದರು. ಹೇಳಿದ ಹಾಗೇ ತಿರುಗಿದ್ದಾರೆ, ಹಸಿರು ಗೇಟೂ ಸಿಕ್ಕಿದೆ, ಆದರೆ ಅದು ಬೇರೆ ಯಾರದೋ ಮನೆ. ಆ ಮನೆಯವರು, ಮಹಡಿ ಬಾಡಿಗೆಗೆ ಕೇಳಿದ್ದವರು ಬಂದರೆಂದು ತಿಳಿದು, ಕಾಫಿ ಕೊಟ್ಟು, ಅಡುಗೆಮನೆ, ಬಚ್ಚಲು ಎಲ್ಲ ತೋರಿಸಿ, ಮಕ್ಕಳೆಷ್ಟು ಅಂತಲೂ ವಿಚಾರಿಸಿದ್ದಾರೆ.

ನಮ್ಮ ಬಾಣದ ರೋಗವೂ ಇದೇ. ಮೂರನೇ ಕ್ರಾಸು, ಐದನೇ ಮನೆ ಅಂದರೆ ಎಲ್ಲಿಂದ ಹೊರಟರೂ ಸೇರಬಹುದು. ಆದರೆ ಈ ಮ್ಯಾನೇಜರ ಕಾರ್ಖಾನೆಯ ಹಳೇ ಕಂಪ್ಯೂಟರಿಗೆ ಅರ್ಥವಾಗುತ್ತಿದ್ದದ್ದು "ಇದ್ದಲ್ಲಿಂದ ಹತ್ತು ಬಲಕ್ಕೆ, ನಾಲ್ಕು ಕೆಳಕ್ಕೆ" ಅನ್ನುವ ಮಾತು ಮಾತ್ರ. ಬಾಣ ಎಲ್ಲಿದೆ ಅಂತ ಗೊತ್ತಿಲ್ಲದೆ ಹಾಗೆ ಹೇಳಿದರೆ ಅದೂ ಕಂಡವರ ಬಚ್ಚಲಿಗೆ ಹೋಗಿ ನಿಲ್ಲುತ್ತಿತ್ತು.

ನಾನು ನಾಚಿಕೆಯಿಂದ ಕ್ಷಮೆ ಕೇಳಿದೆ. ಮ್ಯಾನೇಜರು, "ಪರವಾಗಿಲ್ಲಮ್ಮ. ಮನೆ ಗಾಳಿ ಬೆಳಕು ಚೆನ್ನಾಗಿದೆ. ನೀರು ಮಾತ್ರ ದಿನ ಬಿಟ್ಟು ದಿನ ಅಂತೆ" ಅಂದರು.

ಮೇಜು ಮುಗಿಯಿತು

ಆ ಕಾರ್ಖಾನೆಯಲ್ಲಿ ಒಬ್ಬರು ಸೂಪರ್‌ವೈಸರ್ ಇದ್ದರು. ಇಲವಾಲದ ಕಡೆಯ ಒಕ್ಕಲು ಮನೆತನದವರು, ವಯಸ್ಸು ಐವತ್ತು ದಾಟಿತ್ತು. ಯಾವ ಯಂತ್ರ ಈವತ್ತು ಏನು ಕೊರೆಯಬೇಕು ಅನ್ನುವುದನ್ನು ಕಂಪ್ಯೂಟರಿನಿಂದ ಯಂತ್ರಗಳಿಗೆ ಕಳಿಸುವುದು ಅವರ ಕೆಲಸ. ಆ ಕಂಪ್ಯೂಟರಿಗೆ ಧೂಳು ಆಗದು, ಸೆಖೆ ಆಗದು ಅಂತ ಅದನ್ನು ಮಹಡಿಯ ಮೇಲೆ ಎ.ಸಿ. ಹಾಕಿ ಕೂರಿಸಿದ್ದರು. ನಲವತ್ತೊಂದು ಮೆಟ್ಟಿಲು. ಸೂಪರ್‌ವೈಸರಿಗೆ ಎರಡೂ ಮೊಣಕಾಲು ನೋವು.

ದೀಪಾವಳಿಯೊಳಗೆ ಕೆಳಗಿನಿಂದಲೇ ಆ ಕೆಲಸ ನಡೆಯುವಂತಾದರೆ ಅವರ ಜಾಗ ಅವರಿಗೆ, ಇಲ್ಲದಿದ್ದರೆ ಮೆಟ್ಟಿಲು ಹತ್ತುವವರು ಯಾರಾದರೂ ಬರುತ್ತಾರೆ, ಇವರು ಗೇಟಿನ ಪಕ್ಕದ ರೂಮಿನಲ್ಲಿ ಬಂದ ಲಾರಿಗಳ ನಂಬರು ಬರೆದುಕೊಂಡು ಕೂರಬೇಕು. ಹಾಗಂತ ಮೇಲಧಿಕಾರಿಗಳು ತೀರ್ಮಾನಿಸಿದ್ದರು. "ಇಪ್ಪತ್ತು ವರ್ಷ ಆ ಮಿಷನ್‌ಗಳ ಜೊತೆ ಇದ್ದೀನಿ ಕಣಮ್ಮ. ಗೇಟ್ತಾವ ಕೂರ್ಸಿದ್ರೆ ನಾನು ಉಳಿಯಕ್ಕಿಲ್ಲ" ಅಂದರು. ಮಾಡಿಯೇ ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ.

ಮೊದಲ ಪ್ರಯೋಗಕ್ಕೆ ಅವರ ಮೇಜಿನ ಮೇಲೆ ಮೌಸ್ ಇಟ್ಟೆ. ಅವರು ಬಲಗಡೆಗೆ ತಳ್ಳಿದರು. ಮೇಲಿನ ಬಾಣ ನಿಧಾನದ್ದು, ಅರ್ಧ ಪರದೆ ದಾಟುವಷ್ಟರಲ್ಲಿ ಮೌಸ್ ಹಾಜರಿ ಪುಸ್ತಕದ ಮೇಲೆ ಹತ್ತಿತು, ಅಲ್ಲಿಂದ ಊಟದ ಡಬ್ಬಿಗೆ ತಗುಲಿತು. ಅವರು ಡಬ್ಬಿಯನ್ನೂ ಸೇರಿಸಿ ತಳ್ಳಿದರು. ಮೇಜು ಮುಗಿದಾಗ ಕುರ್ಚಿಯಿಂದ ಎದ್ದು, ಗೋಡೆಗೆ ಮೌಸ್ ಒತ್ತಿಕೊಂಡು ಕಿಟಕಿಯವರೆಗೆ ಹೋದರು.

"ಅಯ್ಯೋ, ಮೌಸ್ ಎತ್ತಿ ಮತ್ತೆ ಮೇಜಿನ ಮಧ್ಯಕ್ಕೆ ಇಟ್ಕೊಂಡು ತಳ್ಳಿ" ಅಂದೆ.

ಅವರು ಗೋಡೆಯಿಂದ ಕೈ ತೆಗೆಯಲಿಲ್ಲ. "ಎತ್ತುದ್ರೆ ಅಲ್ಲಿ ಬಾಣ ಬಿದ್ದೋಗಲ್ವಾ?"

ಸಾಹೇಬರ ಸೆರೆವಾಸ

ಆ ಮೊದಲ ತಂತ್ರಾಂಶದಲ್ಲಿ ಇನ್ನೊಂದು ತೊಡಕಿತ್ತು. ದೂರದ ಪರದೆಯ ಮೇಲೆ ಒಂದು ಸಲ ಒತ್ತಿದರೆ ಮೌಸ್ ಪೂರ್ತಿ ಆ ಕಡೆಯದ್ದಾಗುತ್ತಿತ್ತು. ನಮ್ಮ ಬಾಣ ಮಾಯ. ವಾಪಸು ಬರಬೇಕಾದರೆ ಕೀಲಿಮಣೆಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಬೇಕು.

ಒಂದು ದಿನ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದಾಗ ಸಾಹೇಬರು ಸ್ನೇಹಿತರೊಬ್ಬರಿಗೆ ತೋರಿಸಲು ಹೋಗಿ ಒಳಗೆ ಸಿಕ್ಕಿಕೊಂಡರು. ಮೌಸ್ ಆಡಿಸಿದರು, ಕುಟ್ಟಿದರು, ಬಿಚ್ಚಿ ಮತ್ತೆ ಸಿಕ್ಕಿಸಿದರು. ಕಂಪ್ಯೂಟರ್ ಆರಿಸೋಣವೆಂದರೆ ಬೆಳಗಿನಿಂದ ಅದರಲ್ಲೇ ಬರೆದ ಕಾಗದ ಉಳಿಸಿರಲಿಲ್ಲ. ಕೊನೆಗೆ ನಮ್ಮ ಮನೆಗೆ ಫೋನ್ ಬಂತು. ನಾನು ಆಗಲೇ ಹೊರಟಾಗಿತ್ತು, ನಮ್ಮಮ್ಮ ಫೋನ್ ಎತ್ತಿ, ಬರ್ತಾಳೆ, ಕಾಯಿರಿ ಅಂದರಂತೆ.

ನಾನು ಆಫೀಸಿಗೆ ಬಂದು ನೋಡಿದರೆ ಸಾಹೇಬರ ಮುಖ ಕೆಂಪಗಾಗಿದೆ. "ಹೊರಗೆ ಬರೋದು ಹೇಗೆ ಅಂತ ಎಲ್ಲಾದ್ರೂ ಬರೆದಿಡಬಾರ್ದೇನಮ್ಮ?"

"ಬರೆದಿಟ್ಟಿದ್ದೀನಿ ಸಾರ್."

"ಎಲ್ಲಿ?"

"ಇದೇ ಕಂಪ್ಯೂಟರಿನಲ್ಲಿ ಸಾರ್. ಈ ಪರದೆಯಿಂದ ಹೊರಗೆ ಬಂದು ಮೊದಲನೇ ಫೈಲು ತೆಗೀಬೇಕು."

ಪೂಜೆ ಮಾಡಿಸಿಕೊಂಡ ಮೌಸ್

ಮೌಸನ್ನು ಸೆರೆಹಿಡಿಯುವ ಆ ಕ್ರಮವನ್ನು ಕೈಬಿಟ್ಟು ಹೊಸದಾಗಿ ಬರೆದೆ. ಈಗ ಪರದೆಯ ಮೇಲೆ ಎರಡು ಬಾಣ, ನಮ್ಮ ಕೈಯದ್ದೊಂದು, ಮಹಡಿಯದ್ದೊಂದು. ನಾವು ಎಷ್ಟು ಸರಿದರೆ ಅದೂ ಅಷ್ಟೇ ಸರಿಯಬೇಕು. ದಸರಾ ರಜೆಗೆ ಮುಂಚೆ ಎಲ್ಲ ಸರಿಯಾಗಿತ್ತು. ವಿಜಯದಶಮಿ ಕಳೆದು ಬಂದು ನೋಡಿದರೆ ಬಾಣ ಅಡ್ಡಡ್ಡ ಹೋಗುತ್ತದೆ, ಮೇಲಕ್ಕೂ ಹೋಗದು, ಕೆಳಕ್ಕೂ ಹೋಗದು.

ದೀಪಾವಳಿಗೆ ಮೂರು ವಾರವೂ ಉಳಿದಿಲ್ಲ. ಎರಡು ದಿನ ಊಟ ತಿಂಡಿ ರುಚಿಸಲಿಲ್ಲ. ಮೇಲೆ ಕೆಳಗೆ ಹೋಗುವ ಭಾಗವನ್ನೆಲ್ಲ ಅಳಿಸಿ ಮೂರು ಸಲ ಬರೆದೆ. ಗೇಟಿನ ಪಕ್ಕದ ರೂಮೇ ಕಣ್ಣ ಮುಂದೆ ಬರುತ್ತಿತ್ತು. ಮೂರನೇ ದಿನ ಸಿಟ್ಟಿನಲ್ಲಿ ಮೌಸ್ ತಿರುಗಿಸಿ ಅದರ ಹೊಟ್ಟೆಯ ಮುಚ್ಚಳ ತೆಗೆದೆ. ಆಗಿನ ಮೌಸಿನೊಳಗೆ ಒಂದು ರಬ್ಬರ್ ಗುಂಡು ಇರುತ್ತಿತ್ತು, ಅದು ಉರುಳಿದರೇ ಬಾಣ ಓಡುವುದು. ಗುಂಡಿನ ತುಂಬ ಗಂಧ, ಕುಂಕುಮ, ಜೊತೆಗೆ ಒಂದು ಸೇವಂತಿಗೆ ಎಸಳು.

ಸಾಹೇಬರ ತಾಯಿ ಆಯುಧಪೂಜೆ ಮಾಡಿದ್ದರು. "ಅಜ್ಜಿ, ಮೇಲೆ ಹಚ್ಚಿದ್ರೆ ಸಾಕಿತ್ತಲ್ಲ" ಅಂದೆ ಅಳುವ ದನಿಯಲ್ಲಿ.

ಅಜ್ಜಿ ನನ್ನ ದಡ್ಡತನಕ್ಕೆ ಮರುಗಿದರು. "ಮೇಲುಗಡೆ ಕೈ ಇಡೋ ಜಾಗ ಕಣಮ್ಮ. ಕೆಲಸ ಮಾಡೋದು ಹೊಟ್ಟೆ ತಾನೇ? ಅದಕ್ಕೆ ಬಿಟ್ಟು ಇನ್ಯಾವುದಕ್ಕೆ ಹಚ್ಚಲಿ?"

ಈಶಾನ್ಯ

ಎರಡು ಬಾಣ ಒಂದೇ ಕಡೆಯಿಂದ ಹೊರಟರೆ ಮಾತ್ರ ಜೊತೆಯಾಗಿ ಇರುತ್ತವೆ. ಅದಕ್ಕೊಂದು ಉಪಾಯ ಮಾಡಿದ್ದೆ. ಕೆಲಸ ಶುರು ಮಾಡುವ ಮುಂಚೆ ಬಾಣವನ್ನು ಪರದೆಯ ಮೇಲುಗಡೆ ಎಡಮೂಲೆಗೆ ತಳ್ಳಿ ಒಂದು ಗುಂಡಿ ಒತ್ತಬೇಕು. ಎರಡೂ ಬಾಣ ಆ ಮೂಲೆಯಲ್ಲಿವೆ ಅಂತ ನಂಬಿ ನನ್ನ ತಂತ್ರಾಂಶ ಅಲ್ಲಿಂದ ಲೆಕ್ಕ ಹಿಡಿಯುತ್ತಿತ್ತು.

ನಾನು ಹೇಳಿಕೊಟ್ಟಾಗ ಸರಿಯಾಗಿ ನಡೆಯಿತು. ಮಾರನೇ ದಿನದಿಂದ ಸೂಪರ್‌ವೈಸರ್ ಫೋನು. ಬಾಣ ಬಲಗಡೆ ಅಂಚಿಗೆ ತಲೆಯೊತ್ತಿ ನಿಲ್ಲುತ್ತದೆ, ಕರೆದರೂ ಬಾರದು. ಮೂರು ಸಲ ಮೇಟಗಳ್ಳಿಗೆ ಓಡಿದೆ. ನಾನು ಮಾಡಿದರೆ ಸರಿ, ಅವರು ಮಾಡಿದರೆ ತಪ್ಪು. ನಾಲ್ಕನೇ ಸಲ ಅವರ ಹಿಂದೆ ನಿಂತು ನೋಡಿದೆ. ಕೈಮುಗಿದರು, ಮೌಸ್ ಹಿಡಿದರು, ಬಾಣವನ್ನು ನೇರವಾಗಿ ಬಲಮೂಲೆಗೆ ತಳ್ಳಿ ಗುಂಡಿ ಒತ್ತಿದರು.

"ಎಡಮೂಲೆ ಅಂತ ಹೇಳಿದ್ನಲ್ಲ!"

"ಹೇಳಿದ್ರಿ, ನಂಗೂ ಗ್ಯಾಪ್ಕ ಇತ್ತು. ಆದ್ರೆ ಮ್ಯಾಪ್‌ನಲ್ಲಿ ಎಡಗಡೆ ಮೇಲ್ಮೂಲೆ ವಾಯವ್ಯ ಅಲ್ವರಾ? ಒಳ್ಳೆ ಕೆಲಸ ಈಶಾನ್ಯದಿಂದ ಶುರು ಮಾಡೋದು ಬುಟ್ಟು ವಾಯವ್ಯದಿಂದ ಯಾರಾದ್ರೂ ಮಾಡ್ತಾರಾ?"

ವಾದ ಮಾಡುವಷ್ಟು ದಿನ ಉಳಿದಿರಲಿಲ್ಲ. ಮೂಲೆಗೆ ತಳ್ಳುವ ಕೆಲಸವನ್ನು ತಂತ್ರಾಂಶವೇ ಮಾಡುವಂತೆ ಬದಲಾಯಿಸಿದೆ. ಮೊದಲೇ ಹಾಗೆ ಮಾಡಬಹುದಿತ್ತು, ನನಗೆ ಹೊಳೆದಿರಲಿಲ್ಲ. ಮೂಲೆ ಮಾತ್ರ ಈಶಾನ್ಯವನ್ನೇ ಇಟ್ಟೆ. ಸಾಹೇಬರು ಯಾಕೆ ಅಂತ ಕೇಳಲಿಲ್ಲ. "ಒಳ್ಳೇದಾಯ್ತು, ನಮ್ಮನೆ ಸಂಪೂ ಅಲ್ಲೇ ಇರೋದು" ಅಂದರು.

ಐದು ಸಲ

ದೀಪಾವಳಿಗೆ ಎರಡು ದಿನವಿರುವಾಗ ಪರೀಕ್ಷೆ. ಐದು ಯಂತ್ರಗಳಿಗೆ ಐದು ಕೆಲಸ, ಕೆಳಗಿನ ಮೇಜಿನಿಂದಲೇ ಕಳಿಸಬೇಕು. ಒಂದು ತಪ್ಪಾದರೂ ಸೂಪರ್‌ವೈಸರ್ ಗೇಟಿಗೆ. ನಾನು ಪಕ್ಕದಲ್ಲಿದ್ದರೆ ಹೇಳಿಕೊಡುತ್ತೇನೆ ಅಂತ ಮ್ಯಾನೇಜರು ನನ್ನನ್ನು ಬರಗೊಡಲಿಲ್ಲ.

ಹತ್ತು ಗಂಟೆಗೆ ಶುರು, ಹತ್ತೂಕಾಲಿಗೆಲ್ಲ ಮುಗಿಯಬೇಕು. ಫೋನಿನ ಮುಂದೆ ಕೂತೆ. ಹತ್ತೂವರೆ ಆಯಿತು. ಹನ್ನೊಂದಾಯಿತು. ನಾವೇ ಫೋನ್ ಮಾಡಿದರೆ ಗಲಾಟೆಯಾಗುತ್ತೆ ಅಂತ ಸಾಹೇಬರು ಬೇಡವೆಂದರು. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಬಾಣ ಎಲ್ಲೋ ಕಳೆದುಹೋಗಿದೆ, ಅವರನ್ನು ಗೇಟಿಗೆ ಕೂರಿಸಿದ್ದಾರೆ, ನಾನು ಕೊಟ್ಟ ಮಾತು ಹೋಯಿತು ಅಂತ ನನ್ನ ಕಣ್ಣಲ್ಲಿ ನೀರು ಬಂತು.

ಹನ್ನೊಂದೂವರೆಗೆ ಫೋನು. ಮ್ಯಾನೇಜರು. "ಐದಕ್ಕೆ ಐದೂ ಸರಿಯಮ್ಮ. ಅವರ ಜಾಗ ಅವರಿಗೇ. ಕಾಗದ ಈಗಷ್ಟೇ ಕೈಗೆ ಕೊಟ್ಟೆ."

ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. "ಮತ್ತೆ ಇಷ್ಟು ಹೊತ್ತು ಯಾಕಾಯ್ತು ಸಾರ್?"

"ಅದನ್ನ ಅವರನ್ನೇ ಕೇಳಿ" ಅಂತ ಫೋನು ದಾಟಿಸಿದರು.

ಆ ಕಡೆ ಸ್ವಲ್ಪ ಹೊತ್ತು ಬರೀ ಏದುಸಿರು ಕೇಳಿಸಿತು. ಆಮೇಲೆ ಸೂಪರ್‌ವೈಸರ್ ದನಿ, ಹೆಮ್ಮೆಯಿಂದ. "ಒಂದೂ ತಪ್ಪಿಲ್ಲ ಕಣಮ್ಮ! ಐದು ಸಲ ಇಲ್ಲಿ ಒತ್ತಿದೆ, ಐದು ಸಲನೂ ಮೆಟ್ಲು ಅತ್ತಿ ಓಗಿ ನೋಡ್ದೆ. ಮೇಲೂ ಅಂಗೇ ಒತ್ತಿತ್ತು!"