ಮೀಟರಿಗೆ ಕ್ಷಮೆ ಕೇಳಿದ ಮಾವ

ನಮ್ಮ ಸೋದರಮಾವ ಒಮ್ಮೆ ಕರೆಂಟು ಮೀಟರಿನ ಮುಂದೆ ಕೈಮುಗಿದು ನಿಂತು ಕ್ಷಮೆ ಕೇಳಿದ್ದರು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನೂ ಫೋನಿನಲ್ಲಿ ಕೇಳಿ ನಕ್ಕವಳೇ. ಆದರೆ ಅದೇ ವಾರ ಆ ಮನುಷ್ಯ ನನ್ನ ಕಣ್ಣೆದುರಿಗೆ ಮಾಡಿದ್ದನ್ನು ನೋಡಿದ ಮೇಲೆ, ಅವರ ವಿಷಯದಲ್ಲಿ ನಗು ಬಂದರೆ ಇವತ್ತಿಗೂ ಒಂದು ಗಳಿಗೆ ತಡೆದು ಯೋಚಿಸುತ್ತೇನೆ.

ತುಮಕೂರಿನ ಕಡೆಯವರಾದ ಮಾವ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ರಿಪೇರಿಗೆ ನಿಂತ ಯಂತ್ರಗಳಿಗೆ ‘ಮುಟ್ಟಬೇಡಿ’ ಎಂಬ ಕೆಂಪು ಚೀಟಿ ಕಟ್ಟುವುದು ಅವರ ಕೆಲಸ. ಅವರು ಚೀಟಿ ಕಟ್ಟಿದ ಯಂತ್ರವನ್ನು ದೊಡ್ಡ ಸಾಹೇಬರೂ ಮುಟ್ಟುವ ಹಾಗಿರಲಿಲ್ಲವಂತೆ. ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಕರೆಂಟಿಗೆಂದು ಸಂಬಳದಲ್ಲಿ ಏನೋ ಚೂರು ಮುರಿದುಕೊಳ್ಳುತ್ತಿದ್ದರು. ಬಿಲ್ಲು ಎಂಬುದು ಉದ್ದವೋ ಅಗಲವೋ ಮಾವ ಕಂಡವರಲ್ಲ. ನಿವೃತ್ತಿಯಾಗಿ, ಮಗಳ ಮನೆಗೆ ಹತ್ತಿರವಿರಲಿ ಎಂದು ವಿಜಯವಾಡದ ಪಟಮಟದಲ್ಲಿ ಒಂದು ಮನೆ ಹಿಡಿದ ಮೇಲೆಯೇ ಅವರಿಗೂ ಬಿಲ್ಲಿಗೂ ಪರಿಚಯ.

ಮೊದಮೊದಲು ಇಬ್ಬರೂ ಹೊಂದಿಕೊಂಡೇ ಇದ್ದರು. ಎರಡನೆಯ ಚಳಿಗಾಲದಲ್ಲಿ ಬಿಲ್ಲು ಇದ್ದಕ್ಕಿದ್ದಂತೆ ಎರಡರಷ್ಟಾಯಿತು. ಮುಂದಿನ ಸಲ ಮೂರರಷ್ಟು. ಮನೆಯಲ್ಲಿ ಹೊಸ ಸಾಮಾನು ಬಂದಿಲ್ಲ, ಹೊಸ ಜನ ಬಂದಿಲ್ಲ. ಮಾವನಿಗೆ ಮೊದಲ ಅನುಮಾನ ಮೀಟರಿನ ಮೇಲೆ. ಕರೆಂಟು ಆಫೀಸಿಗೆ ಹೋಗಿ, ಸಾಲಿನಲ್ಲಿ ನಿಂತು, ಮೀಟರಿನ ನಡತೆಯ ಬಗ್ಗೆ ನಾಲ್ಕು ಪುಟದ ದೂರು ಕೊಟ್ಟರು. ಪಾಪ, ಆಫೀಸಿನವರು ಹೇಳಿದ ದಿನಕ್ಕೆ ಬಂದು, ಪರೀಕ್ಷೆ ಮಾಡಿ, ಮೀಟರು ಸರಿಯಾಗಿಯೇ ಇದೆ ಎಂದು ಬರೆದುಕೊಟ್ಟು ಹೋದರು. ಮಾವ ಆ ಕಾಗದವನ್ನು ಎರಡು ಸಲ ಓದಿದರಂತೆ. ಆಮೇಲೆ ಸ್ನಾನ ಮಾಡಿ, ಆ ಊರಿನ ದೇವಿಯ ಬೆಟ್ಟ ಇಂದ್ರಕೀಲಾದ್ರಿಯಿಂದ ತಂದಿಟ್ಟಿದ್ದ ಅಮ್ಮನವರ ಕುಂಕುಮವನ್ನು ಮೀಟರಿನ ಪೆಟ್ಟಿಗೆಗೆ ಹಚ್ಚಿ, ತಪ್ಪಾಯಿತು ಎಂದು ಕೈಮುಗಿದರಂತೆ. ನಿರಪರಾಧಿಯ ಮೇಲೆ ನಾಲ್ಕು ಪುಟ ಬರೆದವರು ಇನ್ನೇನು ಮಾಡಬೇಕು ಹೇಳಿ?

ನಾನು ಆಗ ವಿಶಾಖಪಟ್ಟಣದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದೆ, ಗಾಜುವಾಕದಲ್ಲಿ ರೂಮು. ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕೊಟ್ಟೇ ಅರ್ಧ ಸಂಸಾರ ನಡೆಯುತ್ತಿದ್ದ ಕಾಲ. ಮಾವ ಮಾತ್ರ ಎಸ್‌ಟಿಡಿ ಬೂತಿಗೆ ಹೋಗಿ ಪೂರ್ತಿ ಕರೆಯನ್ನೇ ಮಾಡಿದರು. ನೀನು ಅಳತೆಯ ಕೆಲಸದವಳು, ಒಂದು ಸ್ಟಾಪ್‌ವಾಚ್ ತಗೊಂಡು ಬಾ ಎಂದರು. ಶನಿವಾರ ರಜೆ ಹಾಕಿ ರೈಲು ಹತ್ತಿದೆ.

ಮಧ್ಯಾಹ್ನ ಮನೆಗೆ ಕಾಲಿಟ್ಟರೆ, ಮನೆಯೆಲ್ಲ ಕೆಂಪು. ಫ್ರಿಜ್ಜಿಗೆ ಚೀಟಿ, ಟೀವಿಗೆ ಚೀಟಿ, ಇಸ್ತ್ರಿಪೆಟ್ಟಿಗೆಗೆ ಚೀಟಿ. ಬಾಗಿಲ ಬೆಲ್ಲಿಗೂ ಒಂದು ಚೀಟಿ ನೇತಾಡುತ್ತಿತ್ತು. ಬಂದವರು ಬಾಗಿಲು ಬಡಿಯಬೇಕು. ಎಲ್ಲದರ ಮೇಲೂ ಮಾವನ ದುಂಡು ಕನ್ನಡದಲ್ಲಿ ‘ಮುಟ್ಟಬೇಡಿ’. ಇಲ್ಲಿ ಕನ್ನಡ ಯಾರು ಓದುತ್ತಾರೆ ಮಾವ ಎಂದು ಕೇಳಿದೆ. ಪಾತ್ರೆ ತೊಳೆಯುತ್ತಿದ್ದ ಕೆಲಸದಾಕೆ ತಲೆಯೆತ್ತದೆಯೇ, “ಮುಟ್ಟಬೇಡಿ ಅಂಟೇ ಮುಟ್ಟುಕೋವದ್ದನೇ ಕದಮ್ಮಾ” ಎಂದಳು, ಮುಟ್ಟಬಾರದು ಅಂತಲೇ ತಾನೇ ಎಂದು ತೆಲುಗಿನಲ್ಲಿ. ಎರಡು ಭಾಷೆಯ ಅಕ್ಷರಗಳು ಹೇಗೂ ಅಕ್ಕತಂಗಿಯರು; ಮಾವ ಅದನ್ನೂ ಲೆಕ್ಕ ಹಾಕಿಯೇ ಬರೆದಿದ್ದರು.

ಅತ್ತೆಯ ಪಾಡು ಕೇಳಬೇಡಿ. ಮಿಕ್ಸಿ ಓಡಿಸಲು ಅವರು ಅರ್ಜಿ ಬರೆದುಕೊಡಬೇಕಿತ್ತು. ‘ಉದ್ದೇಶ: ಚಟ್ನಿ’ ಎಂದು ಬರೆದ ಅರ್ಜಿಯೊಂದು ವಿವರ ಸಾಲದೆಂದು ವಾಪಸು ಬಂದಿತ್ತು. ಅತ್ತೆ ‘ಕಡಲೆ ಚಟ್ನಿ’ ಎಂದು ತಿದ್ದಿಕೊಟ್ಟರಂತೆ. ಮೂವತ್ತೆಂಟು ವರ್ಷದ ಸಂಸಾರ ಎಂದರೆ ಸುಮ್ಮನೆಯೇ?

ಭಾನುವಾರ ಬೆಳಿಗ್ಗೆ ಕಾಫಿಯಾದ ಕೂಡಲೇ ಕೆಲಸ ಶುರುವಾಯಿತು. ಮೀಟರಿನೊಳಗೆ ಒಂದು ತಗಡಿನ ಬಿಲ್ಲೆ ತಿರುಗುತ್ತದಲ್ಲ, ಅದರ ಅಂಚಿನಲ್ಲೊಂದು ಕೆಂಪು ಗುರುತು. ಆ ಗುರುತು ಸುತ್ತಿ ಬರಲು ಎಷ್ಟು ಹೊತ್ತು ಎಂದು ನಾನು ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಅಳೆಯಬೇಕು. ಮಾವ ಒಳಗಿನಿಂದ ಒಂದೊಂದೇ ಸಾಮಾನಿನ ಹೆಸರು ಕೂಗಿ ಸ್ವಿಚ್ಚು ಹಾಕುತ್ತಾರೆ. ಮೊದಲು ಎಲ್ಲವನ್ನೂ ಆರಿಸಿದರು. ಬಿಲ್ಲೆ ಅಲುಗಾಡದೆ ನಿಂತಿತು. “ಕಳ್ಳರಿಲ್ಲ, ಸೋರಿಕೆಯಿಲ್ಲ” ಎಂದು ಒಳಗಿನಿಂದ ತೀರ್ಪು ಬಂತು. ಆಮೇಲೆ ಫ್ರಿಜ್ಜು, ಟೀವಿ, ಫ್ಯಾನುಗಳು. ಒಂದೊಂದೂ ಮರ್ಯಾದೆಯಿಂದ ಎಷ್ಟು ತಿನ್ನಬೇಕೋ ಅಷ್ಟೇ ತಿನ್ನುತ್ತಿತ್ತು. ನಿರ್ದೋಷಿ ಎಂದು ಗೊತ್ತಾದ ಹಾಗೆಲ್ಲ ಮಾವ ಅದರ ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಹತ್ತೂವರೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು, ಸಿಕ್ಕಿಬಿದ್ದವರು ಯಾರೂ ಇಲ್ಲ. ನನಗೆ ಆಗ ಹೊಳೆಯಿತು: ಬಚ್ಚಲಮನೆಯ ಗೀಸರಿಗೆ ಚೀಟಿಯೇ ಇರಲಿಲ್ಲ. ಯಾಕೆ ಮಾವ ಎಂದೆ. ಅವರು, ಅದರಲ್ಲಿ ನಾನು ಸ್ನಾನ ಮಾಡೋದಲ್ಲವಾ ಎಂದರು. ತನಿಖೆ ಮಾಡುವವರೇ ತಮ್ಮ ಮೇಲೆ ಅನುಮಾನ ಪಡುವುದುಂಟೇ? ಟೌನ್‌ಶಿಪ್ಪಿನ ಅಭ್ಯಾಸದಂತೆ ಅದು ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಲೇ ಇರುತ್ತಿತ್ತು.

ಸ್ವಿಚ್ಚು ಹಾಕಿದರು. ಬಿಲ್ಲೆ ಗಿರಗಿಟ್ಟಲೆಯಾಯಿತು. ಅದೇನೂ ವಿಶೇಷವಲ್ಲ, ನೀರು ಕಾದ ಮೇಲೆ ತಾನಾಗಿ ನಿಲ್ಲಬೇಕು. ಕಾಲು ಗಂಟೆ ಕಾದೆವು, ಅರ್ಧ ಗಂಟೆ ಕಾದೆವು, ಮುಕ್ಕಾಲು ಗಂಟೆಯಾಯಿತು. ಒಂದು ನಲ್ಲಿಯನ್ನೂ ಯಾರೂ ತಿರುಗಿಸಿಲ್ಲ, ಬಿಲ್ಲೆ ಮಾತ್ರ ನಿಲ್ಲುತ್ತಿಲ್ಲ. ಗೀಸರು ಕೆಟ್ಟಿದೆ, ಹೊಸದು ತಂದುಬಿಡಿ ಎಂದೆ ನಾನು, ದೊಡ್ಡ ಲ್ಯಾಬಿನವಳು. ಮಾವ ಅಲ್ಲವೆಂದು ತಲೆಯಾಡಿಸಿದರು. ನೀರಿನ ಮೋಟಾರನ್ನೂ ಈಚೆಗೆ ದಿನಕ್ಕೆ ಎರಡು ಸಲ ಹಾಕಬೇಕಾಗಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಬಿಸಿನೀರು ಎಲ್ಲಿಗೋ ಹೋಗ್ತಿದೆ ಕಣಮ್ಮ. ಹುಡುಕಬೇಕು” ಎಂದರು.

ಹುಡುಕಿದ ಬಗೆ ಹೇಳುತ್ತೇನೆ ಕೇಳಿ. ಚಪ್ಪಲಿ ಕಳಚಿದರು. ಪಂಚೆ ಎತ್ತಿ ಕಟ್ಟಿದರು. ಬಚ್ಚಲ ಹೊಸಿಲಿನಿಂದ ಶುರುಮಾಡಿ, ಕಣ್ಣು ಮುಚ್ಚಿಕೊಂಡು, ಬರಿಗಾಲಿನಲ್ಲಿ ನೆಲವನ್ನು ಒತ್ತಿ ಒತ್ತಿ ನಡೆಯತೊಡಗಿದರು. ಒಂದು ಹೆಜ್ಜೆ, ಒಂದು ನಿಲುಗಡೆ. ಜನವರಿ ತಿಂಗಳು, ಕಲ್ಲಿನ ನೆಲ ತಣ್ಣಗಿತ್ತು. ಅರವತ್ತು ದಾಟಿದ ಆ ಮನುಷ್ಯ ಮಗು ನಡೆಯಲು ಕಲಿಯುವ ಹಾಗೆ ನಡುಮನೆ ದಾಟಿದರು, ಊಟದ ಮೇಜನ್ನು ಸುತ್ತಿದರು. ಮೊದಲು ನನಗೆ ನಗು ಬಂದಿತ್ತು. ಯಾವಾಗ ನಿಂತಿತೋ ಗೊತ್ತಿಲ್ಲ, ನಾನೂ ಅವರ ಹಿಂದೆಯೇ ನಡೆಯುತ್ತಿದ್ದೆ. ಅಡುಗೆಮನೆಯ ಬಾಗಿಲ ಪಕ್ಕ ಗೋಡೆಯ ಬದಿಗೆ ಬಂದು ಮಾವ ನಿಂತರು. ಬಲಗಾಲನ್ನು ಅಲ್ಲೇ ಊರಿ, ನನಗೆ ಅಂಗೈ ಇಡಲು ಹೇಳಿದರು.

ಇಟ್ಟೆ. ನೆಲ ಬೆಚ್ಚಗಿತ್ತು. ಒಂದು ಚಾಪೆಯ ಅರ್ಧದಷ್ಟು ಜಾಗ, ಆಗತಾನೆ ಯಾರೋ ಮಲಗಿ ಎದ್ದ ಹಾಸಿಗೆಯ ಹಾಗೆ ಬೆಚ್ಚಗೆ. ಗೀಸರಿನಿಂದ ಅಡುಗೆಮನೆಯ ಸಿಂಕಿಗೆ ಹೋಗುವ ಬಿಸಿನೀರಿನ ಪೈಪು ಅಲ್ಲೇ ಕಲ್ಲಿನ ಕೆಳಗೆ ಒಡೆದಿತ್ತು. ಕಾದ ನೀರೆಲ್ಲ ಮೂರು ತಿಂಗಳಿಂದ ಮಣ್ಣಿಗೆ ಇಳಿಯುತ್ತಿತ್ತು, ಗೀಸರು ಕಾಯಿಸುತ್ತಲೇ ಇತ್ತು, ಮೋಟಾರು ತುಂಬುತ್ತಲೇ ಇತ್ತು. ನಮ್ಮ ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿದ್ದವು. ಅವುಗಳ ಮುಂದೆ ನಿಂತಾಗಲೂ ನನಗೆ ಆಗದ ಬೆರಗು ಆ ಹಳೆಯ ಅಂಗಾಲುಗಳನ್ನು ನೋಡಿ ಆಯಿತು.

ಮಾವ ಪ್ಲಂಬರನಿಗೆ ಫೋನು ಮಾಡಲು ಹೊರಟರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ನಿಧಾನವಾಗಿ, “ಆ ಜಾಗ ನನಗೆ ಗೊತ್ತಿತ್ತು” ಎಂದರು.

ಇಬ್ಬರೂ ತಿರುಗಿ ನೋಡಿದೆವು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. ದಸರೆ ಕಳೆದ ಮೇಲೆ ಒಂದು ದಿನ ಕೆಲಸದಾಕೆಯ ಜೊತೆ ಬೆಟ್ಟಕ್ಕೆ ಹೋಗಿ, ಮೆಟ್ಟಿಲು ಹತ್ತಿ, ಮಂಡಿನೋವು ಕಡಿಮೆ ಮಾಡು ತಾಯಿ ಎಂದು ಬೇಡಿಕೊಂಡು ಬಂದಿದ್ದರಂತೆ. ವಾರದೊಳಗೆ ನೆಲ ಬೆಚ್ಚಗಾಯಿತು. ಮಾವ ಪೇಪರು ಓದಲು ಲೈಬ್ರರಿಗೆ ಹೋದಾಗ ಅಲ್ಲಿ ಕಾಲು ಚಾಚಿ ಕೂತು ತರಕಾರಿ ಹೆಚ್ಚುತ್ತಿದ್ದರಂತೆ. ಏಳುವಾಗ ಮಂಡಿ ಹಗುರಾಗಿರುತ್ತಿತ್ತಂತೆ. ಅಮ್ಮನವರೇ ಕೊಟ್ಟದ್ದು ಅಂದುಕೊಂಡಿದ್ದೆ ಎಂದರು. ಬಿಲ್ಲಿಗೂ ಇದಕ್ಕೂ ಸಂಬಂಧ ಇರಬಹುದೆಂದು ತೋಚಲಿಲ್ಲವಂತೆ.

“ನನಗೆ ಯಾಕೆ ಹೇಳಲಿಲ್ಲ?” ಎಂದರು ಮಾವ.

“ಹೇಳಿದ್ರೆ ಅಲ್ಲಿಗೂ ಒಂದು ಚೀಟಿ ಹಾಕ್ತಿದ್ರಿ.”

ನಾನು ನಗಬೇಕೆಂದುಕೊಂಡೆ. ಮಾವನ ಮುಖ ನೋಡಿ ಆಗಲಿಲ್ಲ. ಅವರು ತುಂಬ ಸಣ್ಣ ದನಿಯಲ್ಲಿ ಕೇಳಿದರು.

“ಯಾವ ಮಂಡಿ?”

“ಎರಡೂ. ಎಡಗಡೇದು ಸ್ವಲ್ಪ ಜಾಸ್ತಿ.”

“ಎಷ್ಟು ದಿನದಿಂದ?”

“ಟೌನ್‌ಶಿಪ್ಪಿನಲ್ಲಿ ಇದ್ದಾಗಿಂದ” ಎಂದರು ಅತ್ತೆ.

ಪ್ಲಂಬರನಿಗೆ ಫೋನೇನೋ ಹೋಯಿತು. ಪರಿಚಯದವನು, ಊಟವಾದ ಕೂಡಲೇ ಬರುತ್ತೇನೆ ಎಂದ. ಮಾವ ತಮ್ಮ ತೆಲುಗಿನಲ್ಲಿ ಅವನಿಗೆ, ಇವತ್ತು ಬೇಡ, ಮುಂದಿನ ವಾರ ಬಾ, ಮೊದಲು ಮಂಡಿ ಆಗಲಿ, ಆಮೇಲೆ ಪೈಪು ಎಂದರು. ಅವನಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಆ ವಾರದಲ್ಲಿ ಡಾಕ್ಟರನ್ನು ನೋಡಿದ್ದೂ ಆಯಿತು, ಆಮೇಲೆ ನೆಲ ಅಗೆದು ಪೈಪು ಬದಲಿಸಿದ್ದೂ ಆಯಿತು, ಅದರ ಮುಂದಿನ ಬಿಲ್ಲು ಮೊದಲಿನ ಮಟ್ಟಕ್ಕೆ ಇಳಿದದ್ದೂ ಆಯಿತು ಎಂದು ನನಗೆ ಫೋನಿನಲ್ಲಿ ತಿಳಿಯಿತು. ಆದರೆ ಆ ಭಾನುವಾರ ಮಾವ ಗೀಸರನ್ನು ಆರಿಸಲಿಲ್ಲ.

ಊಟವಾದ ಮೇಲೆ ನಾನು ಬ್ಯಾಗು ತುಂಬಿಕೊಂಡು, ರೈಲಿಗೆ ಹೊತ್ತಾಯಿತು ಎಂದು ಹೇಳಲು ಒಳಗೆ ಹೋದೆ. ಅಡುಗೆಮನೆಯ ಬಾಗಿಲ ಪಕ್ಕ ಇಬ್ಬರೂ ಕೂತಿದ್ದರು, ನಡುವೆ ಒಂದು ಮೊರದ ತುಂಬ ಹುರುಳಿಕಾಯಿ. ಮಾವ ಜನ್ಮದಲ್ಲಿ ತರಕಾರಿ ಮುಟ್ಟಿದವರಲ್ಲ. ಒಂದು ತುಂಡು ಬೆರಳುದ್ದ, ಇನ್ನೊಂದು ಉಗುರಿನಷ್ಟು ಮುರಿದು ಹಾಕುತ್ತಿದ್ದರು. ಅತ್ತೆ ಉದ್ದದವನ್ನು ಎತ್ತಿಕೊಂಡು ಮತ್ತೆ ಮುರಿಯುತ್ತಿದ್ದರು. ಆ ಬೆಚ್ಚನೆಯ ಜಾಗ ಇಬ್ಬರಿಗೆ ಸಾಲುವಷ್ಟಿರಲಿಲ್ಲ. ಅತ್ತೆ ಎರಡೂ ಕಾಲನ್ನು ಅದರ ಮೇಲೆ ನೀಳವಾಗಿ ಚಾಚಿಕೊಂಡಿದ್ದರು. ಮಾವ ಈಚೆಗೆ, ತಣ್ಣನೆಯ ಕಲ್ಲಿನ ಮೇಲೆ ಕೂತಿದ್ದರು.