ಹದಿನಾರಕ್ಕೆ ಒಂಬತ್ತರ ಮದುವೆ

ಏಪ್ರಿಲ್ ಹನ್ನೆರಡು, ೨೦೦೪. ಬೆಳಿಗ್ಗೆ ಹತ್ತೂವರೆ. ದಾಂಡೇಲಿಯ ನನ್ನ ವಿಡಿಯೋ ಎಡಿಟಿಂಗ್ ಕೋಣೆಗೆ ಹಳಿಯಾಳದ ತಾಯಿಯೊಬ್ಬರು ಬಂದು, ಕೂರುವ ಮೊದಲೇ ಸಿಡಿಯೊಂದನ್ನು ಮೇಜಿನ ಮೇಲೆ ಇಟ್ಟರು. ಜನ ಕೂರುವ ಮೊದಲೇ ಜಗಳ ಆರಂಭಿಸಿದರೆ ಅದು ಚಿತ್ರದ ಅಳತೆಯ ಜಗಳವೆಂದು ನಾನು ಅನುಭವದಿಂದ ಬಲ್ಲೆ. ಬಣ್ಣ ಮಾಸಿದರೆ ಕ್ಷಮಿಸುತ್ತಾರೆ. ಹಾಡು ನಡುವೆ ನಿಂತರೂ ಕ್ಷಮಿಸುತ್ತಾರೆ. ತಮ್ಮ ಅಗಲ ಎತ್ತರಗಳಲ್ಲಿ ವ್ಯತ್ಯಾಸವಾದರೆ ಮಾತ್ರ ಬಸ್ಸು ಹಿಡಿದು ಬರುತ್ತಾರೆ. ಇಂಥದ್ದು ನಡೆಯುತ್ತಲೇ ಇತ್ತು. ಆದರೆ ಒಂದೇ ಮನೆಯವರು ಒಂದೇ ಸಿಡಿಗಾಗಿ ಇಷ್ಟು ಸಲ ಬಂದದ್ದು ಆ ಬೇಸಿಗೆಯಲ್ಲಿ ಮಾತ್ರ.

೧. ಅರಿವಿಯ ಲಗ್ನ

"ನೋಡ್ರಿ ಬಾಯಾರ, ನಮ್ಮ ದೊಡ್ಡ ಮಗಳ ಲಗ್ನ ಆಗೇತೋ, ಅರಿವಿ ಲಗ್ನ ಆಗೇತೋ?"

ಸಿಡಿ ಹಾಕಿ ನೋಡಿದೆ. ನಮ್ಮ ಕ್ಯಾಮೆರಾದವನು ಹೊಸ ಕ್ಯಾಮೆರಾ ಕೊಂಡಿದ್ದ. ಅದರ ಚಿತ್ರ ಅಗಲವಾದದ್ದು, ಹದಿನಾರಕ್ಕೆ ಒಂಬತ್ತರದು. ಕಂಪ್ಯೂಟರಿನಲ್ಲಿ ಅವನು ಸಿದ್ಧಪಡಿಸಿದ್ದ ಪ್ರಾಜೆಕ್ಟ್ ಹಳೆಯ ಟಿವಿಯ ಅಳತೆಯದು, ನಾಲ್ಕಕ್ಕೆ ಮೂರರದು. ಹೆಚ್ಚಾದ ಎರಡೂ ಬದಿಗಳನ್ನು ಕಂಪ್ಯೂಟರ್ ನಿರ್ದಾಕ್ಷಿಣ್ಯವಾಗಿ ಕತ್ತರಿಸಿತ್ತು. ಎಡಕ್ಕೆ ನಿಂತ ಮದುಮಗಳು ಇಲ್ಲ, ಬಲಕ್ಕೆ ನಿಂತ ಮದುಮಗ ಇಲ್ಲ. ಉಳಿದದ್ದು ನಡುವಿನ ಅಂತರಪಟದ ಬಟ್ಟೆ, ಮತ್ತು ಅದನ್ನು ಹಿಡಿದ ಭಟ್ಟರ ಬೆನ್ನು.

"ದೊಡ್ಡಾಕಿದು ಹೋಗ್ಲಿ ಬಿಡ್ರಿ, ಆಕಿ ಗಂಡನ ಮನಿ ಸೇರ್‍ಯಾಳ. ಆಕಿ ಹಿಂದ ನಮ್ಮ ಸಣ್ಣಾಕಿ ನಿಂತಿದ್ಲು. ಆಕಿನ್ನೂ ಕತ್ತರಿಸೀರಿ. ಚಿಗಳ್ಳಿ ಮಂದಿ ಮೊದಲ ಸಿಡಿಯೊಳಗ ಹುಡಿಗಿನ್ನ ನೋಡ್ತೇವಿ, ಮನಸಿಗೆ ಬಂದ್ರ ಬರ್ತೇವಿ ಅಂದಾರ."

ಆಗ ಅದೊಂದು ಪದ್ಧತಿಯೇ ಆಗಿತ್ತು. ಹುಡುಗಿಯ ಫೋಟೋವನ್ನು ಯಾರೂ ನಂಬುತ್ತಿರಲಿಲ್ಲ. ಮನೆಯಲ್ಲಿ ಹಿಂದೆ ನಡೆದ ಮದುವೆಯ ಸಿಡಿಯನ್ನು ತರಿಸಿ ನೋಡುತ್ತಿದ್ದರು. ಈ ಸಿಡಿ ಸರಿಯಾಗದಿದ್ದರೆ ಚಿಗಳ್ಳಿಯ ಸಂಬಂಧ ಕೈತಪ್ಪುತ್ತಿತ್ತು. ತಿದ್ದಿಕೊಡುವೆನೆಂದು ಮಾತು ಕೊಟ್ಟೆ. ಅವರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಅಕ್ಕಿಕಾಳೆಲ್ಲಾ ಭಟ್ಟರ ಮ್ಯಾಲೆ ಬಿದ್ದಾವ. ಈ ವಯಸ್ಸಿನ್ಯಾಗ ಅವರಿಗ್ಯಾಕ್ರಿ ಇನ್ನೊಂದು ಲಗ್ನ?"

೨. ಕರಿಯ ಪಟ್ಟಿ

ಇಡೀ ಚಿತ್ರ ಕಾಣುವಂತೆ ಅಳತೆಯನ್ನು ಸರಿಪಡಿಸಿ ಕಳಿಸಿದೆ. ಮೂರನೆಯ ದಿನ ಹುಡುಗಿಯ ತಂದೆ ಕಾಗದದ ಗಿರಣಿಯಿಂದ ಶಿಫ್ಟ್ ಮುಗಿಸಿ ನೇರವಾಗಿ ನನ್ನಲ್ಲಿಗೆ ಬಂದರು.

"ಹುಡಿಗಿ ಬಂದಾಳ, ಖರೆ. ಆದ್ರ ಮ್ಯಾಲೊಂದು ಕೆಳಗೊಂದು ಕರೀ ಪಟ್ಟಿ ಬಂದಾವ. ಲಗ್ನದಾಗ ಕರೀದು ಯಾಕ್ರಿ?"

ಅಗಲವಾದ ಚಿತ್ರವನ್ನು ಚೌಕದಂಥ ಟಿವಿಯಲ್ಲಿ ಪೂರ್ತಿ ತೋರಿಸಿದರೆ ಮೇಲೆ ಕೆಳಗೆ ಜಾಗ ಉಳಿಯಲೇಬೇಕೆಂದೂ ಅದು ದೋಷವಲ್ಲ, ಜ್ಯಾಮಿತಿಯೆಂದೂ ವಿವರಿಸಿದೆ. ಅವರು ವಿಧೇಯರಾಗಿ ಕೇಳಿದರು.

"ಅದನ್ನ ನಮ್ಮವ್ವಗ ಬಂದು ನೀವ ಹೇಳ್ರಿ. ಟಿವಿಗೆ ಮಸಿ ಹತ್ತೇತಿ ಅಂತ ನಿನ್ನಿಯಿಂದ ಹಸೀ ಅರಿವಿ ತಗೊಂಡು ತಿಕ್ಕಾಕತ್ತಾಳ. ಪಟ್ಟಿ ಹೋಗಲಿಲ್ಲ. ಟಿವಿ ಮ್ಯಾಲಿನ ಕಂಪನಿ ಹೆಸರು ಹೋತು."

೩. ದುಂಡಗಿನ ಸಾಕ್ಷಿ

ಪಟ್ಟಿಯನ್ನು ಅವರು ಹೇಗೋ ಸಹಿಸಿಕೊಂಡರು. ಆದರೆ ಅಕ್ಕನ ಹಿಂದೆ ನಿಂತ ತಂಗಿಯ ಮುಖ ಕಡಲೆಕಾಳಿನಷ್ಟು ಕಾಣುತ್ತಿತ್ತು. ಹುಡುಗಿ ಊಟಕ್ಕೆ ಬಡಿಸುವ ದೃಶ್ಯವನ್ನು ಸೇರಿಸಬೇಕೆಂದು ತಾಯಿ ಮತ್ತೊಂದು ಟೇಪು ತಂದರು. ಅದನ್ನು ಯಾರೋ ನೆಂಟರು ತಮ್ಮ ಕ್ಯಾಮೆರಾದಲ್ಲಿ ತೆಗೆದಿದ್ದರು. ಯಾವ ಅಳತೆಯಲ್ಲಿ ತೆಗೆದರೆಂಬುದು ಅವರಿಗೂ ತಿಳಿಯದು.

ಭೌತಶಾಸ್ತ್ರದ ಸ್ನಾತಕೋತ್ತರ ಪದವೀಧರೆಯಾದ ನನಗೆ ಇದು ಕಠಿಣವಲ್ಲ. ಚಿತ್ರದಲ್ಲಿ ದುಂಡಗಿನ ವಸ್ತುವೊಂದನ್ನು ಹುಡುಕಬೇಕು. ಅದು ದುಂಡಗೆ ಕಾಣುವವರೆಗೆ ಅಗಲವನ್ನು ತಿದ್ದಬೇಕು. ಉಳಿದದ್ದೆಲ್ಲವೂ ತಾನಾಗಿ ಸರಿಹೋಗುತ್ತದೆ. ವೃತ್ತ ಸುಳ್ಳು ಹೇಳುವುದಿಲ್ಲ. ಪಂಕ್ತಿಯಲ್ಲಿ ಪತ್ರಾವಳಿಗಳಿದ್ದವು, ಹರಿದ ಅಂಚಿನವು, ನಂಬಲರ್ಹವಲ್ಲ. ಹುಡುಗಿ ಎತ್ತಿ ಹಿಡಿದ ಹೋಳಿಗೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು, ಸ್ವಲ್ಪ ಅಗಲಕ್ಕೆ ಹಿಗ್ಗಿತ್ತು. ಚಿತ್ರದ ಅಗಲವನ್ನು ಕುಗ್ಗಿಸಿ ಅದನ್ನು ದುಂಡಗೆ ಮಾಡಿದೆ.

ಹಿಂದೆ ನಿಂತಿದ್ದ ಕ್ಯಾಮೆರಾದವನು ಕೆಮ್ಮಿದ. "ಬಾಯಾರ, ಉಣ್ಣಾಕ ಕುಂತ ಮಂದಿ ಎಲ್ಲಾರೂ ಉಪಾಸ ಇದ್ದವರಂಗ ಕಾಣಸ್ತಾರಲ್ರಿ?"

"ಹೋಳಿಗೆ ದುಂಡಗಿದೆಯೋ ಇಲ್ಲವೋ?"

"ದುಂಡಗ ಐತ್ರಿ."

"ಹಾಗಾದರೆ ಅಳತೆ ಸರಿ."

"ಹಂಗಾದ್ರ ಮಂದೀದ ತಪ್ಪ್ರಿ," ಎಂದು ಅವನು ಚಹಾ ತರಲು ಹೋದ.

೪. ಚಿಗಳ್ಳಿಯವರು ಬಂದರು

ಸಿಡಿ ಹೋಯಿತು, ಒಪ್ಪಿಗೆ ಬಂತು. ಹುಡುಗಿಯನ್ನು ನೋಡಲು ಅವರು ಹಳಿಯಾಳಕ್ಕೆ ಬರುವ ದಿನ ನನಗೂ ಆಮಂತ್ರಣ. "ನಿಮ್ಮ ಕೈಗುಣದಿಂದ ಸಂಬಂಧ ಕೂಡಿ ಬಂತ್ರಿ, ನೀವು ಇರಬೇಕು," ಎಂದರು ತಾಯಿ.

ಹುಡುಗ ಮುಂಡಗೋಡದಲ್ಲಿ ಅಂಗಡಿ ಇಟ್ಟವನು, ಕುರ್ಚಿ ತುಂಬ ಕೂರುವ ಆಸಾಮಿ. ಅವನ ಪರವಾಗಿ ಮಾತನಾಡುವವಳು ಅವನ ಅತ್ತೆ, ತಂದೆಯ ಅಕ್ಕ. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದಳು. ಮೈತುಂಬಿದ, ಲಕ್ಷಣವಾದ ಹುಡುಗಿ. ಅತ್ತೆ ಅವಲಕ್ಕಿ ತೆಗೆದುಕೊಂಡು ಒಳಗಿನ ಬಾಗಿಲನ್ನೇ ನೋಡುತ್ತಾ ಹೇಳಿದಳು:

"ಆತ್ರಿ, ಇನ್ನ ಹುಡಿಗಿನ್ನ ಕರೀರಿ."

"ಇಕೀನ ಹುಡಿಗ್ರಿ," ಎಂದರು ತಾಯಿ. ಅವರ ಧ್ವನಿ ಅರ್ಧಕ್ಕೆ ಇಳಿದಿತ್ತು.

ಅತ್ತೆ ಹುಡುಗಿಯನ್ನು ನೋಡಿದಳು, ಬಳಿಕ ನನ್ನನ್ನು. ಮನೆಯವರೆಲ್ಲರೂ ನನ್ನನ್ನೇ ನೋಡಿದರು. ಹದಿನಾರು, ಒಂಬತ್ತು, ನಾಲ್ಕು, ಮೂರು, ಹೋಳಿಗೆ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಹುಡುಗಿ ತಾಟನ್ನು ಕೆಳಗಿಟ್ಟಳು.

"ಬಾಯಾರ, ಆ ಹೋಳಿಗಿ ನಮ್ಮ ದೊಡ್ಡವ್ವ ಲಟ್ಟಿಸಿದ್ದು. ಆಕಿ ಹೋಳಿಗಿ ಯಾವಾಗ್ಲೂ ಎಮ್ಮಿ ನಾಲಿಗಿ ಹಂಗ ಉದ್ದಕ್ಕ ಇರ್ತಾವ."

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಹೋಳಿಗೆಯಲ್ಲಿತ್ತು. ಹಾಗೆಂದು ಹೇಳಿದೆ. ಯಾರೂ ಕಿವಿಗೊಡಲಿಲ್ಲ.

"ನಮಗ ಮನಸಿಗೆ ಬಂದಾಕಿ ಸಿಡಿಯೊಳಗಿದ್ದಾಕಿ," ಎಂದಳು ಅತ್ತೆ.

"ಹಂಗಾದ್ರ ಆಕಿನ್ನ ಕರಕೊಂಡು ಹೋಗ್ರಿ," ಎಂದಳು ಹುಡುಗಿ. "ಆಕಿ ಬಡಿಸಿದ್ದನ್ನ ಬರೇ ನೋಡಬೇಕು, ಉಣ್ಣಾಕ ಬರಂಗಿಲ್ಲ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟರಲ್ಲಿ ಕುರ್ಚಿ ಅಲುಗಾಡುವಂತೆ ನಕ್ಕವನು ಹುಡುಗ. "ಅತ್ತಿ, ನನಗ ಉಣ್ಣಾಕ ಬೇಕು. ಇಕೀನ ಇರಲಿ."

ತಾಂಬೂಲವಾಯಿತು. ಹೊರಡುವಾಗ ಅತ್ತೆ ನನ್ನನ್ನು ಬದಿಗೆ ಕರೆದಳು.

"ಲಗ್ನದ ಸಿಡಿನೂ ನೀವ ಮಾಡ್ರಿ. ಆದ್ರ ನಮ್ಮ ಚಿಗಳ್ಳ್ಯಾಗ ಮೊದಲಿನ ಸಿಡಿ ಎಲ್ಲಾ ಮನ್ಯಾಗೂ ತಿರುಗೇತಿ. ಈಗ ಇಕಿನ್ನ ಇದ್ದಂಗ ತೋರಿಸಿದ್ರ, ಹುಡಿಗಿನ್ನ ಬದಲಿ ಮಾಡ್ಯಾರ ಅಂತಾರ. ಅದ ಅಳತ್ಯಾಗ ಮಾಡ್ರಿ."

"ಹಾಗೆ ಮಾಡಿದರೆ ಹುಡುಗಿಯೊಬ್ಬಳೇ ಅಲ್ಲ, ನಿಮ್ಮ ಹುಡುಗನೂ ಬಡಕಲಾಗುತ್ತಾನೆ."

"ಆಗ್ಲಿ ಬಿಡ್ರಿ," ಎಂದಳು ಅತ್ತೆ. "ಲಗ್ನ ಆದಮ್ಯಾಲೆ ಹೆಂಗೂ ಆಗೂದು. ಒಂದು ದಿನ ಮೊದಲ ಆಗ್ಲಿ."

ಎರಡು ಸಿಡಿ ಮಾಡಲು ನಿರ್ಧರಿಸಿದೆ: ಹಳಿಯಾಳಕ್ಕೆ ಸರಿಯಾದ ಅಳತೆಯದು, ಚಿಗಳ್ಳಿಗೆ ತಪ್ಪು ಅಳತೆಯದು.