ಗಂಡು ದನಿ ಬೇಕಾಗಿದೆ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಹೆಂಗಸು ಊರೆಲ್ಲ ಗಂಡಸರನ್ನು ಹುಡುಕಿಕೊಂಡು ತಿರುಗಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೂ ನಾನು ಓದಿಲ್ಲ. ಕಳೆದ ವರ್ಷ ಸಿಡ್ನಿಯಲ್ಲಿ ನಾನು ಮೈಮುರಿದು ಮಾಡಿದ ಕೆಲಸ ಅದೊಂದೇ. ಹ್ಯಾರಿಸ್ ಪಾರ್ಕಿನ ಮಿಠಾಯಿ ಅಂಗಡಿಯ ಕ್ಯೂನಲ್ಲಿ ಹುಡುಕಿದ್ದೇನೆ, ಮ್ಯಾಕ್ವೆರಿ ಪಾರ್ಕಿಗೆ ಹೋಗುವ ಮೆಟ್ರೋದಲ್ಲಿ ಹುಡುಕಿದ್ದೇನೆ, ಕೊನೆಗೆ ಮೆಲ್ಬರ್ನಿಗೂ ಹೋಗಿ ಹುಡುಕಿದ್ದೇನೆ. ನನ್ನ ಬೇಡಿಕೆ ಹೆಚ್ಚೇನೂ ಇರಲಿಲ್ಲ. ಎತ್ತರ, ಬಣ್ಣ, ಇಲ್ಲೇ ನೆಲೆಸುವ ಪಿಆರ್ ವೀಸಾ, ಸ್ವಂತ ಮನೆ ಒಂದೂ ಬೇಡ. ಹಾಡಬೇಕು, ಅಷ್ಟೇ. ಅದೂ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಹಳೇ ಜನಪದ ಹಾಡು. ಪಕ್ಕವಾದ್ಯ ಇಲ್ಲದೆ, ಬರೀ ಗಂಟಲಲ್ಲಿ. ಇಷ್ಟು ಕೇಳಿದ್ದಕ್ಕೆ ಜನ ನನ್ನನ್ನು ನೋಡಿದ ನೋಟವಿದೆಯಲ್ಲ, ನಾನು ಅವರ ಕಿಡ್ನಿ ಕೇಳಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ.

ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಕಾರಣ ಬ್ರೆಂಡಾ. ನಾನು ಕೆಲಸ ಮಾಡುವ ಔಷಧಿ ಕಂಪನಿಯಲ್ಲಿ ಅವಳದು ನನ್ನ ಪಕ್ಕದ ಡೆಸ್ಕು. ಗುಳಿಗೆಗಳ ಗುಣಮಟ್ಟದ ರಿಪೋರ್ಟು ನೋಡುತ್ತ ನೋಡುತ್ತ ಏನೋ ಒಂದು ಗುನುಗುತ್ತಿರುತ್ತಾಳೆ. ಒಂದು ದಿನ ನಾನೂ ಅದೇ ಧಾಟಿಯಲ್ಲಿ ಗುನುಗುತ್ತ ಟೀ ಮಾಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು. "ಶೈಲಾ, ಗುರುವಾರ ಸಂಜೆ ನನ್ನ ಜೊತೆ ಬರ್ತೀಯಾ?" ಅಂದಳು. ಮನೆಯಲ್ಲಿ ಗುರುವಾರ ನನ್ನ ಗಂಡ ವಸಂತ ಅಡುಗೆ ಮಾಡುವ ದಿನ. ಹೊರಗೆ ಹೋಗಲು ನನಗೊಂದು ನೆಪ ಬೇಕೇ ಇತ್ತು.

ಪ್ಯಾರಮಾಟಾ ಆಚೆಯ ಒಂದು ಸಬರ್ಬಿನ ಹಳೇ ಹಾಲ್ ಅದು. ಬುಧವಾರ ಅಲ್ಲಿ ನಾಯಿಗಳಿಗೆ ಶಿಸ್ತು ಕಲಿಸುತ್ತಾರೆ, ಗುರುವಾರ ಇವರು ಹಾಡುತ್ತಾರೆ. ಮೈಕಿಲ್ಲ, ಸ್ಟೇಜಿಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಒಬ್ಬರು ಶುರು ಮಾಡಿದರೆ ಪಲ್ಲವಿಗೆ ಎಲ್ಲರೂ ಸೇರುತ್ತಾರೆ. ನಮ್ಮ ಕಡೆಯ ಪಾರ್ಟಿಗಳಲ್ಲಿ ಎಕೋ ಹೆಚ್ಚಿಸಿಕೊಂಡು ಒಬ್ಬೊಬ್ಬರೂ ಗುಡುಗುವ ಕ್ಯಾರಿಯೋಕಿ ಕೇಳಿ ಸುಸ್ತಾಗಿದ್ದ ನನಗೆ ಅದು ಕಿವಿಗೆ ತಂಪಾಯಿತು. ಒಂದೇ ಒಂದು ವಿಚಿತ್ರ. ಹಾಡುಗಳಲ್ಲೆಲ್ಲ ನಾವಿಕರು, ಉಳುವ ಹುಡುಗರು, ಕುರಿ ಕದ್ದ ತಪ್ಪಿಗೆ ಕೈಗೆ ಕೋಳ ಹಾಕಿಸಿಕೊಂಡು ಇದೇ ದೇಶಕ್ಕೆ ಹಡಗೇರಿದ ಬಡಪಾಯಿಗಳು. ಹಾಡುವವರೆಲ್ಲ ಅಜ್ಜಿಯರು. ಎರಡೂ ಮೊಣಕಾಲಿಗೆ ಆಪರೇಷನ್ ಆದವರೊಬ್ಬರು, ನನಗಿನ್ನೂ ಮೀಸೆ ಚಿಗುರಿಲ್ಲ, ನನ್ನ ಹುಡುಗಿ ಬಂದರಿನಲ್ಲಿ ಅಳುತ್ತ ನಿಂತಿದ್ದಾಳೆ ಎಂಬರ್ಥದ ಹಾಡನ್ನು ಕಣ್ಣುಮುಚ್ಚಿ ಹಾಡಿದಾಗ ನಾನು ನಗು ತಡೆಯಲು ಬಿಸ್ಕತ್ತು ಬಾಯಿಗೆ ತುಂಬಿಕೊಳ್ಳಬೇಕಾಯಿತು.

ಅಲ್ಲಿದ್ದ ಒಬ್ಬನೇ ಗಂಡಸು ಡೆಸ್. ಎಂಬತ್ತು ದಾಟಿದವನು, ಹಿಂದೆ ಹಾರ್ಬರಿನಲ್ಲಿ ಫೆರ್ರಿ ನಡೆಸುತ್ತಿದ್ದವನು. ಅವನಪ್ಪ ಐರ್ಲೆಂಡಿನಿಂದ ಬರುವಾಗ ತಂದ ಆಸ್ತಿ ಅಂದರೆ ಒಂದಷ್ಟು ಹಾಡು. ಅವನ್ನು ಡೆಸ್ ಜೀವಮಾನವಿಡೀ ಹಾಡಿದ್ದ. ಗಂಟಲ ಆಪರೇಷನ್ ಆದ ಮೇಲೆ ದನಿಯೇ ಹೋಯಿತು. ಈಗ ಅವನು ಮಾತಾಡಿದರೆ ಮರಳುಕಾಗದ ಉಜ್ಜಿದ ಹಾಗೆ ಪಿಸುದನಿ ಮಾತ್ರ. ಆದರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪ್ರತಿ ಗುರುವಾರ ಬರುತ್ತಾನೆ, ತೊಡೆ ತಟ್ಟುತ್ತ ಕೂರುತ್ತಾನೆ. ಒಮ್ಮೆ ಟೀ ಕುಡಿಯುವಾಗ, "ಇವರೆಲ್ಲ ಚೆನ್ನಾಗಿ ಹಾಡ್ತಾರೆ. ಆದ್ರೆ ಅಪ್ಪನ ಹಾಡನ್ನ ಇನ್ನೊಂದ್ಸಲ ಗಂಡು ದನಿಯಲ್ಲಿ ಕೇಳಬೇಕು ನಂಗೆ," ಅಂದ. ಬ್ರೆಂಡಾ ಸಮಾಧಾನ ಮಾಡಲು ಹೋಗಿ, "ನಿನ್ನ ಅಂತ್ಯಕ್ರಿಯೆಗೆ ಯಾರನ್ನಾದ್ರೂ ಕರೆಸ್ತೀವಿ ಬಿಡು," ಎಂದುಬಿಟ್ಟಳು. ಡೆಸ್ ಅವಳನ್ನು ದುರುಗುಟ್ಟಿ ನೋಡಿ, "ಅವತ್ತು ನನಗೆ ಕೇಳಿಸುತ್ತಾ?" ಅಂದ.

ಎಲ್ಲರೂ ತಮ್ಮ ತಮ್ಮ ಟೀ ಲೋಟದೊಳಗೆ ಇಣುಕತೊಡಗಿದರು. ಇಂಥದ್ದು ನನಗೆ ಆಗಿಬರುವುದಿಲ್ಲ. "ನಾನು ಹುಡುಕ್ತೀನಿ," ಅಂದೆ. ಸೆಪ್ಟೆಂಬರಿನಲ್ಲಿ ಈ ಹಾಲ್‌ನಲ್ಲೇ ಊರವರನ್ನು ಕರೆದು ಹಾಡುವ ಕಾರ್ಯಕ್ರಮವಿತ್ತು. ಅಷ್ಟರಲ್ಲಿ ಒಬ್ಬ ಗಂಡಸನ್ನು ತಂದು ನಿಲ್ಲಿಸುತ್ತೇನೆಂದು ಮಾತು ಕೊಟ್ಟೆ.

ಮೊದಲು ಆಫೀಸಿನಲ್ಲಿ ಶುರು ಮಾಡಿದೆ. ಆಸ್ಟ್ರೇಲಿಯಾದ ಗಂಡಸರು ಶಾರ್ಕ್ ಇರುವ ಸಮುದ್ರಕ್ಕೆ ಹಾರುತ್ತಾರೆ, ಷೂ ಒಳಗಿನ ಜೇಡ ಕೊಡವಿ ಹಾಕಿಕೊಳ್ಳುತ್ತಾರೆ. ಹಾಡು ಅಂದರೆ ಮಾತ್ರ ಕಾಫಿ ಲೋಟ ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಾರೆ. "ನಾನಾ? ನಾನು ಹಾಡಿದ್ರೆ ಬಿಲ್ಡಿಂಗ್ ಖಾಲಿ ಮಾಡಿಸಬೇಕಾಗುತ್ತೆ," ಎಂದು ಒಬ್ಬ. "ಬಿಯರ್ ಎಷ್ಟು ಕೊಡಿಸ್ತೀಯ?" ಎಂದು ಇನ್ನೊಬ್ಬ. ಐಟಿ ವಿಭಾಗದ ಒಬ್ಬ ಹುರುಪಿನಿಂದ ಗಿಟಾರ್ ತಂದ. ಆದರೆ ತನ್ನ ಡೈವೋರ್ಸಿನ ಬಗ್ಗೆ ತಾನೇ ಬರೆದ ಹಾಡುಗಳನ್ನಷ್ಟೇ ಹಾಡುವುದಾಗಿ ಷರತ್ತು ಹಾಕಿದ. ಎರಡು ಹಾಡು ಕೇಳಿದೆ. ಅವನ ಹೆಂಡತಿ ಮಾಡಿದ್ದು ಸರಿ ಅನ್ನಿಸಿತು.

ಹಾಗಾದರೆ ನಮ್ಮವರನ್ನೇ ಕೇಳೋಣ ಎಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಟ್ರೇನ್ ಇಳಿಯುವ ಗಡಿಬಿಡಿ. "ಅರ್ಜೆಂಟಾಗಿ ಗಂಡಸರು ಬೇಕಾಗಿದ್ದಾರೆ. ವಯಸ್ಸಿನ ಮಿತಿ ಇಲ್ಲ. ಒಳ್ಳೇ ಗಂಟಲು, ಗುರುವಾರ ಸಂಜೆ ಬಿಡುವು ಇರಬೇಕು. ಶೈಲಾ." ಹಾಡು ಎಂಬ ಪದ ಬಿಟ್ಟುಹೋಗಿತ್ತು. ಒಳ್ಳೇ ಗಂಟಲು ಅಂದಿದ್ದನ್ನು ಜನ ಕುಡಿಯುವ ಯೋಗ್ಯತೆ ಎಂದು ತಿಳಿದರು. ಮನೆ ಸೇರುವಷ್ಟರಲ್ಲಿ ನನಗಿಂತ ಮೊದಲು ಸುದ್ದಿ ಮನೆ ಸೇರಿತ್ತು. ವಸಂತ ಸೋಫಾದಿಂದ ತಲೆಯೆತ್ತಿ, "ನಾನು ಮನೆಯಲ್ಲಿ ಇರಬೇಕೋ, ಹೊರಗೆ ಹೋಗಬೇಕೋ?" ಎಂದು ಮಾತ್ರ ಕೇಳಿದರು. ಮಗಳು, "ಅಮ್ಮಾ, ಪ್ಲೀಸ್ ಡಿಲೀಟ್ ಇಟ್," ಎಂದು ಕಿರುಚಿದಳು. ನಾನು ಡಿಲೀಟ್ ಮಾಡಲಿಲ್ಲ. ಕೆಳಗೆ "ಹಾಡಲು" ಎಂದು ಸೇರಿಸಿದೆ. ಅಲ್ಲಿಯವರೆಗೆ ಬಂದಿದ್ದ ಹೆಬ್ಬೆರಳುಗಳೆಲ್ಲ ಒಂದೊಂದಾಗಿ ಮಾಯವಾದವು.

ಆಮೇಲೆ ಗುಂಪಿನ ಅಡ್ಮಿನ್ ನಾಗರಾಜ್ ಫೋನ್ ಮಾಡಿದರು. ಗಂಭೀರವಾಗಿದ್ದರು.

"ಮೇಡಂ, ನಮ್ಮ ಜನಪದ ಹಾಡಿಗೇ ಗತಿಯಿಲ್ಲ. ಇನ್ನೂರು ವರ್ಷ ನಮ್ಮನ್ನ ಆಳಿದೋರ ಹಾಡನ್ನ ನಾವು ಉಳಿಸಬೇಕಾ?"

"ಆಳಿದೋರು ಹಾಡ್ತಾ ಇರಲಿಲ್ಲ ಸರ್. ಇದು ಅವರ ಹೊಲ ಉಳ್ತಿದ್ದೋರ ಹಾಡು, ಕುರಿ ಕದ್ದಿದ್ದಕ್ಕೆ ಅವರು ಹಡಗಲ್ಲಿ ತುಂಬಿ ಕಳಿಸಿದೋರ ಹಾಡು."

"ಆದ್ರೂ ಬ್ರಿಟಿಷರದ್ದೇ ಅಲ್ವಾ?"

"ಕ್ರಿಕೆಟ್ ಯಾರದ್ದು ಸರ್? ನೀವು ತಗೊಂಡಿರೋ ಮಾರ್ಟ್‌ಗೇಜ್ ಯಾರದ್ದು? ಅವೆರಡನ್ನೂ ಬಿಟ್ಟು ಬನ್ನಿ, ನಾನೂ ಹಾಡು ಬಿಡ್ತೀನಿ."

ಫೋನ್ ಇಟ್ಟೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಈ ಹುಡುಕಾಟದಲ್ಲಿ ಅಂಥ ಛಲವೇನೂ ಇರಲಿಲ್ಲ. ಬೇಡ ಅಂದರಲ್ಲ, ಆಗ ಬಂತು.

ಗಂಡಸು ಸಿಕ್ಕಿದ್ದು ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ, ನಾನು ಬಾಯಿ ತೆರೆದುಕೊಂಡು ಮಲಗಿದ್ದಾಗ. ವಸಂತರ ಕಡೆಯವರು ಉಡುಪಿಯ ತುಳು ಮಾತಾಡುವ ಮಂದಿ; ಅವರ ಚಿಕ್ಕಪ್ಪನ ಮಗ ಸದಾನಂದ ಅಲ್ಲಿ ಹಲ್ಲಿನ ಡಾಕ್ಟರು. ಅವನ ಮಗುವಿನ ನಾಮಕರಣಕ್ಕೆ ಹೋದವಳು ಕೋಡುಬಳೆ ಕಡಿದು ದವಡೆ ಹಲ್ಲು ಮುರಿದುಕೊಂಡೆ. ಮರುದಿನ ಬೆಳಿಗ್ಗೆ ಸದಾನಂದ ತನ್ನ ಕ್ಲಿನಿಕ್ ತೆರೆದು ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಬಾಯಿ ತುಂಬ ಹತ್ತಿ ತುರುಕಿ, ಡ್ರಿಲ್ ಶುರು ಮಾಡಿದ. ಜೊತೆಗೇ ಹಾಡಲೂ ಶುರು ಮಾಡಿದ. ನಾಟಿ ಮಾಡುವಾಗ ಅವನಜ್ಜಿ ಹೇಳುತ್ತಿದ್ದ ತುಳು ಹಾಡಂತೆ. ಡ್ರಿಲ್ಲಿನ ಸದ್ದಿಗೆ ರೋಗಿಗಳು ಹೆದರಬಾರದು ಎಂದು ಅವನು ಯಾವಾಗಲೂ ಹೀಗೆ ಹಾಡುವುದಂತೆ. ಆಹಾ, ಆ ದನಿ! ನಯವಿಲ್ಲ, ನಾಟಕವಿಲ್ಲ, ಹತ್ತಿರ ಕೂತು ಸುದ್ದಿ ಹೇಳಿದ ಹಾಗೆ. ಡೆಸ್ ಕೇಳಿದ್ದು ಇದನ್ನೇ ಎಂದು ಹೊಳೆದು ನಾನು ಎದ್ದು ಕೂರಲು ನೋಡಿದೆ.

"ಆಆ... ಊಊ..." ಅಂದೆ.

"ನೋವು ಉಂಟಾ ಅತ್ತಿಗೆ?"

ಇಲ್ಲವೆಂದು ತಲೆ ಅಲ್ಲಾಡಿಸಿ, ಅವನ ಗಂಟಲಿನ ಕಡೆ ಬೆರಳು ತೋರಿಸಿದೆ. ಅವನು ಹೆದರಿ ಇನ್ನೊಂದು ಇಂಜೆಕ್ಷನ್ ಕೊಟ್ಟ. ಮಧ್ಯಾಹ್ನದವರೆಗೆ ನಾಲಿಗೆ ನನ್ನದಾಗಿರಲಿಲ್ಲ. ಊಟದ ಹೊತ್ತಿಗೆ ಮಾತು ಮರಳಿ ಎಲ್ಲವನ್ನೂ ಹೇಳಿದಾಗ ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಇಷ್ಟೇನಾ ಮಾರಾಯ್ರೆ? ಹಾಡ್ಲಿಕ್ಕೆ ಎಂತ ನಾಚಿಕೆ? ಹಾಡು ಕಳಿಸಿ, ಕಲೀತೇನೆ," ಅಂದ. ಇಷ್ಟು ದಿನ ನಾನು ಕೇಳಿದವರಲ್ಲಿ ಯಾಕೆ ಎಂದು ಕೇಳದವನು ಅವನೊಬ್ಬನೇ.

ಬ್ರೆಂಡಾ ಡೆಸ್‌ನ ಅಪ್ಪನ ಹಾಡನ್ನು ತಾನೇ ಹಾಡಿ ಕಳಿಸಿದಳು. ಹುಡುಗನೊಬ್ಬ ಊರು ಬಿಟ್ಟು ಹಡಗು ಹತ್ತುವ ಉದ್ದದ ಹಾಡು. ಕ್ರೇಗಿಬರ್ನಿನ ಅರ್ಧ ಜನ ಬಾಯಿ ತೆರೆದುಕೊಂಡು ಅದನ್ನು ಕೇಳಿದ್ದಾರೆ. ಬೇಡ ಅನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಸೆಪ್ಟೆಂಬರಿನ ಆ ಸಂಜೆ ಸದಾನಂದ ಮೆಲ್ಬರ್ನಿನಿಂದ ಹಾರಿ ಬಂದ. ವಸಂತ ಏರ್‌ಪೋರ್ಟಿನಿಂದ ನೇರ ಹಾಲ್‌ಗೆ ಕರೆತಂದರು. ಕಾರ್ಯಕ್ರಮ ನಡೆಸಿಕೊಡಲು ಗ್ರಹಾಂ ಎಂಬವರು ಬಂದಿದ್ದರು, ಇಂಥ ಹಾಡುಗಳ ಬಗ್ಗೆ ಬಹಳ ತಿಳಿದವರೆಂದು ಹೆಸರು. ಸದಾನಂದನನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, ಜೇನು ಸವರಿದ ದನಿಯಲ್ಲಿ, "ಇವರು ಭಾರತದ ಹಾಡೊಂದನ್ನು ಹಾಡಿದರೆ ಹೇಗೆ? ಜನರಿಗೆ ಬಣ್ಣಬಣ್ಣದ್ದೇನಾದರೂ ಇಷ್ಟವಾಗುತ್ತೆ. ಈ ಪರಂಪರೆಯ ಹಾಡು ಅಂದ್ರೆ ಜನ ಒಂದು ಬಗೆಯ ಗಾಯಕರನ್ನ ನಿರೀಕ್ಷಿಸ್ತಾರೆ," ಅಂದರು.

ಅತ್ತ ನಾಗರಾಜ್, ಇತ್ತ ಗ್ರಹಾಂ. ಒಬ್ಬರಿಗೆ ಹಾಡು ನಮ್ಮದಲ್ಲ, ಇನ್ನೊಬ್ಬರಿಗೆ ನಾವು ಹಾಡಿನವರಲ್ಲ. "ಸರ್," ಅಂದೆ, "ಪ್ರತಿ ದೀಪಾವಳಿಗೆ ಆಫೀಸಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಮ್ಮವರಿಗೆಲ್ಲ ಬೇಕಾದಷ್ಟು ಬಣ್ಣ ತೋರಿಸಿದ್ದೇನೆ. ಇವತ್ತು ಇವನು ಹಡಗಿನ ಹುಡುಗನ ಹಾಡು ಹೇಳಲಿಕ್ಕೆ ಬಂದಿದ್ದಾನೆ. ಅದನ್ನೇ ಹೇಳ್ತಾನೆ. ಊರು ಬಿಟ್ಟು ಬಂದೋರ ಹಾಡು ಹೇಳೋಕೆ ಊರು ಬಿಟ್ಟು ಬಂದಿರಬೇಕು ಅಷ್ಟೇ. ನೀವು ಎಲ್ಲಿಂದ ಬಂದಿದ್ದೀರಿ?" ಅವರು ಪಕ್ಕದ ಸಬರ್ಬಿನವರಂತೆ. ಸದಾನಂದ ನಗುತ್ತ, "ನಮ್ಮಜ್ಜಿಯ ಹಾಡು ಬೇಕಾದ್ರೆ ಕ್ಲಿನಿಕ್‌ಗೆ ಬನ್ನಿ ಸರ್. ಹಲ್ಲುನೋವು ಇದ್ರೆ ಸಾಕು," ಎಂದು ಹೇಳಿ ಕುರ್ಚಿಗಳ ನಡುವೆ ಹೋಗಿ ನಿಂತುಬಿಟ್ಟ.

ಡೆಸ್ ಮೊದಲ ಸಾಲಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಸದಾನಂದ ಶುರು ಮಾಡಿದ. ಎರಡು ಚರಣ ಸಲೀಸಾಗಿ ಹೋಯಿತು. ಮೂರನೆಯದರ ಬಾಗಿಲಲ್ಲಿ ನಿಂತುಬಿಟ್ಟ. ಮರೆತಿದ್ದ. ಕೈಯಲ್ಲಿ ಡ್ರಿಲ್ ಇಲ್ಲದೆ ಅವನಿಗೆ ಸಾಲು ಬರುತ್ತಿರಲಿಲ್ಲ. ಗ್ರಹಾಂ ಮುಖದಲ್ಲಿ ಸಣ್ಣ ನಗು ಮೂಡಿತು. ಆಗ ಆ ನಿಶ್ಶಬ್ದದಲ್ಲಿ ಮರಳುಕಾಗದ ಉಜ್ಜಿದ ಸದ್ದು ಕೇಳಿತು. ಡೆಸ್ ಮುಂದಿನ ಸಾಲನ್ನು ಪಿಸುಗುಟ್ಟುತ್ತಿದ್ದ. ಸದಾನಂದ ಬಾಗಿ ಕಿವಿಗೊಟ್ಟು, ನೆಟ್ಟಗಾಗಿ ಅದನ್ನು ಹಾಡಿದ. ಮತ್ತೊಂದು ಸಾಲು ಪಿಸುಮಾತು, ಮತ್ತೊಂದು ಸಾಲು ಹಾಡು. ಕೊನೆಕೊನೆಗೆ ಅವನಿಗೆ ಸಾಲು ನೆನಪಾಗಿತ್ತೆಂದು ನನಗೆ ಖಾತ್ರಿ. ಆದರೂ ಡೆಸ್ ಪಿಸುಗುಟ್ಟುವವರೆಗೆ ಕಾಯುತ್ತಿದ್ದ. ಹಾಡು ಮುಗಿದಾಗ ಬ್ರೆಂಡಾ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಒರೆಸಿಕೊಳ್ಳಲಿಲ್ಲ. ಗ್ರಹಾಂ ನೋಡುತ್ತಿದ್ದರಲ್ಲ.

"ಬಹಳ ನಿಧಾನ," ಎಂದು ಡೆಸ್ ತೀರ್ಪು ಕೊಟ್ಟ. ಆಮೇಲೆ ಸದಾನಂದನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ. ಟೀಯನ್ನು ಎಡಗೈಯಲ್ಲಿ ಕುಡಿದ.

ಮನೆಗೆ ಬರುವಾಗ ಕಾರಿನಲ್ಲಿ ನಾನು ಗೆದ್ದವಳ ಗತ್ತಿನಲ್ಲಿ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಸದಾನಂದ ನಿದ್ದೆ ಹೋಗಿದ್ದ. ವಸಂತ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದರು.

"ಆಫೀಸಿನೋರನ್ನ ಕೇಳಿದೆ, ವಾಟ್ಸಾಪಿನೋರನ್ನ ಕೇಳಿದೆ, ಕ್ರೇಗಿಬರ್ನಿಗೂ ಹೋದೆ. ನನ್ನನ್ನ ಯಾಕೆ ಕೇಳ್ಲಿಲ್ಲ?"

ಇಷ್ಟು ವರ್ಷದಲ್ಲಿ ಅವರು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಹಾಡ್ತೀರಾ?" ಅಂದೆ, ಮೆತ್ತಗಾಗಿ. ವಸಂತ ಗಂಟಲು ಸರಿಮಾಡಿಕೊಂಡು ಹಾಡಿದರು. ಸದಾನಂದ ಎದ್ದು ಕೂತು, "ಎಂತ ಆಯ್ತು? ಗಾಡಿಗೆ ಎಂತ ಆಯ್ತು?" ಎಂದು ಗಾಬರಿಯಾದ.

ಈಗ ವಸಂತ ಪ್ರತಿ ಗುರುವಾರ ಬರುತ್ತಾರೆ. ಶ್ರುತಿ ಎಂಬುದು ಅವರಿಗೆ ದೂರದ ನೆಂಟ. ಹಬ್ಬಕ್ಕೂ ಮನೆಗೆ ಬರುವುದಿಲ್ಲ. ಆದರೆ ನಾಚಿಕೆ ಎಂಬುದು ಅವರಿಗೂ ಇಲ್ಲ, ಮನೆತನದ ಗುಣವಿರಬೇಕು. ಅಜ್ಜಿಯರು ಒಬ್ಬೊಬ್ಬರಾಗಿ ಬಾಗಿಲ ಹತ್ತಿರದ ಕುರ್ಚಿಗಳಿಗೆ ಸರಿದಿದ್ದಾರೆ. ಕಳೆದ ವಾರ ವಸಂತ ಹಾಡಲು ನಿಂತಾಗ ಡೆಸ್ ತನ್ನ ಕಿವಿಯ ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡ. ಬ್ರೆಂಡಾ ನನ್ನ ಹತ್ತಿರ ಬಂದು, ಬಹಳ ಹಿಂಜರಿದು, "ಶೈಲಾ, ವಸಂತ್‌ಗೆ ಟೀ ಮಾಡೋ ಜವಾಬ್ದಾರಿ ಕೊಟ್ಟರೆ ಹೇಗೆ?" ಅಂದಳು.

"ಅವರು ಹಾಡ್ತಾರೆ ಬ್ರೆಂಡಾ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಟೀ ಬೇಕಿದ್ದೋರು ಮಾಡ್ಕೊಂಡು ಕುಡೀಲಿ." ಹಾಗೆಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ಪಲ್ಲವಿಗೆ ಅವರ ಜೊತೆ ಸೇರಿದವಳು ನಾನೊಬ್ಬಳೇ. ಮೂರು ಚರಣ ಮುಗಿದಿತ್ತು, ಇನ್ನೂ ಒಂಬತ್ತಿತ್ತು.